ಬಯಲು ಉಳಿಸುವ ಮತ: ಕ್ಯಾಲಿಫೋರ್ನಿಯಾದ ‘ಮೆಷರ್’ಗಳ ಒಳಗೇನಿರುತ್ತದೆ

2016ರ ಫೆಬ್ರುವರಿ 23ರಂದು ಸ್ಯಾನ್ ಡಿಯಾಗೊ ಹತ್ತಿರದ ಕಾರ್ಲ್ಸ್‌ಬ್ಯಾಡ್ ಊರಿನವರು ಮೆಷರ್ ಎ ಎಂಬ ಪ್ರಸ್ತಾವಕ್ಕೆ ಮತ ಹಾಕಿದರು. ಪ್ರಚಾರದಲ್ಲಿ ಅದಕ್ಕಿದ್ದ ಹೆಸರು ‘85/15’. ಅಗುವಾ ಹೆಡಿಯೊಂಡಾ ಹಿನ್ನೀರಿನ ದಕ್ಷಿಣ ದಂಡೆಯ ಸುಮಾರು 200 ಎಕರೆಯಲ್ಲಿ ನೂರಕ್ಕೆ 85 ಪಾಲು ಬಯಲಾಗಿಯೇ ಉಳಿಯುತ್ತದೆ, ಸ್ಟ್ರಾಬೆರಿ ಹೊಲ ಹಾಗೇ ಇರುತ್ತದೆ, ಓಡಾಡಲು ಕಾಲುದಾರಿ ಬರುತ್ತದೆ ಎಂಬ ಭರವಸೆ. ಉಳಿದ 15 ಪಾಲಿನಲ್ಲಿ ಶಾಪಿಂಗ್ ಮಾಲ್. ಪ್ರಸ್ತಾವ ತಂದದ್ದು ಲಾಸ್ ಏಂಜಲೀಸ್‌ನಲ್ಲಿ ಮಾಲ್ ಕಟ್ಟಿ ಹೆಸರಾದ ಕರೂಸೊ ಕಂಪನಿ. ಹಿಂದಿನ ಆಗಸ್ಟ್‌ನಲ್ಲಿ ಸಿಟಿ ಕೌನ್ಸಿಲ್ ಇದನ್ನು ಜನರ ಮುಂದಿಡದೆಯೇ ಅಂಗೀಕರಿಸಿತ್ತು. ವಿರೋಧಿಗಳು ಬೀದಿಗಿಳಿದು ಸಹಿ ಸಂಗ್ರಹಿಸಿ ಅದನ್ನು ಮತಕ್ಕೆ ಎಳೆದು ತಂದರು. ಆ ಜಾಗದ ಬಹುಪಾಲು 2006ರಲ್ಲೇ ಪ್ರೊಪೊಸಿಷನ್ ಡಿ ಎಂಬ ಇಂಥದೇ ಮತದ ಮೂಲಕ ಬಯಲು ಎಂದು ಗುರುತಾಗಿದೆ, ಈಗಾಗಲೇ ನಮ್ಮದಾಗಿರುವುದನ್ನೇ ನಮಗೆ ಮಾರುತ್ತಿದ್ದಾರೆ ಎಂಬುದು ಅವರ ವಾದ. ಸುಮಾರು 52–48ರ ಅಂತರದಲ್ಲಿ ಮೆಷರ್ ಬಿದ್ದುಹೋಯಿತು.

ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಅಂಚೆ ಡಬ್ಬಿಗೆ ಬಂದು ಬೀಳುವ ನುಣುಪು ಕಾಗದದ ಕರಪತ್ರಗಳಲ್ಲಿ ಮೆಷರ್‌ನ ಪರ ಮತ್ತು ವಿರೋಧ ಎರಡೂ ಕಡೆಯವರು ಒಂದೇ ಬೆಟ್ಟದ ಚಿತ್ರ ಹಾಕಿರುತ್ತಾರೆ. ಫ್ರೀಮಾಂಟ್, ಮಿಲ್ಪಿಟಾಸ್, ಸನಿವೇಲ್, ಸ್ಯಾನ್ ಹೋಸೆಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಇದು ಗೊತ್ತಿರುವ ದೃಶ್ಯ. ಚಿತ್ರದಿಂದ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ನಾಲ್ಕು ಸಂಗತಿ: ಇದು ನಿಯಮ ಹಾಕುವ ಮೆಷರೋ ದುಡ್ಡು ಎತ್ತುವ ಮೆಷರೋ, ಮತಕ್ಕೆ ತಂದವರು ಯಾರು, ವಿನಾಯಿತಿಗಳೇನು, ಯಾವ ವರ್ಷಕ್ಕೆ ಮುಗಿಯುತ್ತದೆ. ಜಗಳ ‘ಹಸಿರು ಬೇಕೋ ಮನೆ ಬೇಕೋ’ ಎಂದು ನಡೆದರೂ ಬೆಟ್ಟದ ಗತಿ ತೀರ್ಮಾನವಾಗುವುದು ಈ ಸಣ್ಣ ಅಕ್ಷರಗಳಲ್ಲಿ.

ಕರ್ನಾಟಕದ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಇಂಥ ಪ್ರಶ್ನೆಯನ್ನು ಮತದಾರರ ಮುಂದೆ ಇಡುವ ಪದ್ಧತಿಯೇ ಇಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಹೋದದ್ದು ಕೋರ್ಟಿಗೆ. 1991ರಲ್ಲಿ ಸುಪ್ರೀಂ ಕೋರ್ಟು ಪಾರ್ಕನ್ನು ಉಳಿಸಿತು. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಊರಿನ ಮತದಾರರೇ ಕಾನೂನು ಬರೆದು ಪಾಸು ಮಾಡಬಹುದು, ಕೌನ್ಸಿಲ್ ಮಾಡಿದ ಕಾನೂನನ್ನು ತಡೆಯಲೂಬಹುದು. ಆ ಅಧಿಕಾರ ಭೂಬಳಕೆಗೂ ಅನ್ವಯಿಸುತ್ತದೆ.

ಗೆರೆ ಹಾಕುವ ಮೆಷರ್

ಮೊದಲ ಬಗೆಯದು ಒಂದು ಡಾಲರನ್ನೂ ಎತ್ತುವುದಿಲ್ಲ, ಒಂದು ಎಕರೆಯನ್ನೂ ಕೊಳ್ಳುವುದಿಲ್ಲ. ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯಂಥ ಘಟಕ) ನಗರಕ್ಕೂ ‘ಜನರಲ್ ಪ್ಲಾನ್’ ಎಂಬ ಭೂಬಳಕೆಯ ಮೂಲ ದಾಖಲೆ ಇರುತ್ತದೆ. ಸಾಮಾನ್ಯವಾಗಿ ಅದನ್ನು ಬದಲಿಸಲು ಐದು ಜನರ ಕೌಂಟಿ ಮಂಡಳಿಯಲ್ಲಿ ಮೂರು ಮತ ಸಾಕು. ಮೆಷರ್ ಮಾಡುವುದಿಷ್ಟೇ: ಕೃಷಿ ಅಥವಾ ಬಯಲು ಎಂದು ಗುರುತಾದ ಜಮೀನಿನ ಗುರುತನ್ನು ಇಂಥ ವರ್ಷದ ತನಕ ಮತದಾರರ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ ಎಂದು ಕಟ್ಟುಹಾಕುತ್ತದೆ. ದ್ರಾಕ್ಷಿ ತೋಟಗಳ ನಾಪಾ ಕೌಂಟಿ 1990ರಲ್ಲಿ ಮೆಷರ್ ಜೆ ಮೂಲಕ ಮೂವತ್ತು ವರ್ಷದ ಬೀಗ ಹಾಕಿತು. ಮತದಾರರಿಗೆ ಹೀಗೆ ಮಾಡುವ ಅಧಿಕಾರವಿದೆಯೇ ಎಂಬ ಪ್ರಶ್ನೆ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 1995ರಲ್ಲಿ, ಡಿವಿಟಾ ಪ್ರಕರಣದಲ್ಲಿ, ಇದೆ ಎಂದು ತೀರ್ಪಾಯಿತು. ಆಮೇಲೆ ಬೇರೆ ಕಡೆ ಬಂದ ಇಂಥ ಮೆಷರ್‌ಗಳೆಲ್ಲ ನಿಂತಿರುವುದು ಆ ತೀರ್ಪಿನ ಮೇಲೆ. 2008ರಲ್ಲಿ ನಾಪಾ ಜನ ಬೀಗವನ್ನು 2058ರವರೆಗೆ ಮುಂದುವರಿಸಿದರು. ವೆಂಚುರಾ ಕೌಂಟಿಯ ಇಂಥದೇ ‘ಸೋರ್’ ಕಾನೂನು 1998ರದು. 2016ರಲ್ಲಿ 2050ಕ್ಕೆ ವಿಸ್ತರಣೆಯಾಯಿತು.

ಇಲ್ಲಿ ಮತದಾರರು ಮಾಡಿಕೊಳ್ಳುವ ದೊಡ್ಡ ತಪ್ಪು ಕಲ್ಪನೆ ಒಂದಿದೆ. ಬಯಲು ಉಳಿಯಿತು ಎಂದರೆ ನಾವು ನಡೆದಾಡಲು ಹೋಗಬಹುದು ಅಂತಲ್ಲ. ಜಮೀನು ಖಾಸಗಿಯದಾಗಿಯೇ ಇರುತ್ತದೆ, ಮುಳ್ಳುತಂತಿಯ ಆಚೆ ದನ ಮೇಯುತ್ತಿರುತ್ತವೆ, ಒಳಗೆ ಕಾಲಿಟ್ಟರೆ ಅತಿಕ್ರಮಣ. ರಾಜ್ಯದ ಕಾನೂನಿನಲ್ಲಿರುವ ವ್ಯಾಖ್ಯೆ ಇನ್ನೂ ಅಗಲ: ಕೃಷಿಭೂಮಿ, ಪ್ರವಾಹ ಹರಿಯುವ ಜಾಗ, ಭೂಕಂಪದ ಬಿರುಕು ಹಾದುಹೋದ ಜಾಗ ಮಾತ್ರವಲ್ಲ, ಖನಿಜ ನಿಕ್ಷೇಪವಿರುವ ಜಾಗವೂ ‘ಓಪನ್ ಸ್ಪೇಸ್’ ಪಟ್ಟಿಯಲ್ಲಿ ಬರುತ್ತದೆ. ಆದ್ದರಿಂದ ಮೆಷರ್‌ನ ಪೂರ್ಣ ಪಠ್ಯದಲ್ಲಿ ಮೊದಲು ಹುಡುಕಬೇಕಾದದ್ದು ವ್ಯಾಖ್ಯೆಗಳ ಭಾಗವನ್ನು. ಕಲ್ಲುಕ್ವಾರಿಗೆ, ಗಾಲ್ಫ್ ಮೈದಾನಕ್ಕೆ, ಪಾರ್ಕಿಂಗ್ ಜಾಗಕ್ಕೆ, ಮದುವೆ ಸಮಾರಂಭ ನಡೆಸುವ ವೈನರಿಗೆ ಅನುಮತಿ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಎರಡನೆಯದು ವಿನಾಯಿತಿ. ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿಯ ಪ್ರಕಾರ ಪರಿಹಾರ ಕೊಡದೆ ಖಾಸಗಿ ಆಸ್ತಿ ಕಿತ್ತುಕೊಳ್ಳುವಂತಿಲ್ಲ. ಜಮೀನಿನಿಂದ ಆರ್ಥಿಕವಾಗಿ ಏನೂ ಉಪಯೋಗ ಉಳಿಯದಂತೆ ನಿಯಮ ಮಾಡಿದರೆ ಅದೂ ಕಿತ್ತುಕೊಂಡಂತೆಯೇ ಎಂದು ಅಮೆರಿಕದ ಸುಪ್ರೀಂ ಕೋರ್ಟು 1992ರಲ್ಲಿ ಹೇಳಿದೆ. ಅದಕ್ಕೇ ಜಾಣತನದಿಂದ ಬರೆದ ಮೆಷರ್‌ಗಳು ಪ್ರತಿ ಹಿಡುವಳಿಗೆ ಒಂದು ಮನೆ ಕಟ್ಟಿಕೊಳ್ಳುವ ಹಕ್ಕು ಬಿಟ್ಟಿರುತ್ತವೆ, ಜೊತೆಗೆ ‘ಸಂವಿಧಾನ ವಿರೋಧಿಯಾಗುವ ಮಟ್ಟಿಗೆ ಇದು ಅನ್ವಯಿಸದು’ ಎಂಬ ಸಾಲನ್ನೂ ಸೇರಿಸಿರುತ್ತವೆ. ಆ ಸಾಲು ನೋಡಿ ‘ಕಳ್ಳದಾರಿ ಇಟ್ಟಿದ್ದಾರೆ’ ಎಂದು ಕೂಗುವವರಿದ್ದಾರೆ. ನಿಜಕ್ಕೂ ಅದು ಇಡೀ ಕಾನೂನನ್ನು ಕೋರ್ಟಿನಲ್ಲಿ ಉಳಿಸುವ ಸಾಲು. ಅನುಮಾನ ಪಡಬೇಕಾದದ್ದು ಬೇರೆ ಬಗೆಯ ವಿನಾಯಿತಿಯನ್ನು: ಇಂತಿಷ್ಟೇ ಎಕರೆ, ಇಂಥ ರಸ್ತೆಯ ಪಕ್ಕ ಎಂದು ಒಬ್ಬನೇ ಮಾಲೀಕನ ಜಮೀನಿಗೆ ಅಳತೆ ಮಾಡಿ ಹೊಲಿದಂಥದ್ದು.

ಬಿಗಿ ಜಾಸ್ತಿಯಾದರೂ ತೊಂದರೆಯೇ. ಅಲಮೇಡಾ ಕೌಂಟಿಯಲ್ಲಿ 2000ದ ನವೆಂಬರಿನಲ್ಲಿ ಗೆದ್ದ ಮೆಷರ್ ಡಿ, ಲಿವರ್‌ಮೋರ್ ಸುತ್ತಲಿನ ಪೂರ್ವ ಭಾಗಕ್ಕೆ ನಗರ ಬೆಳವಣಿಗೆಯ ಗಡಿ ಎಳೆಯಿತು. ಆ ಗುಡ್ಡಗಳು ಇಂದಿಗೂ ಖಾಲಿ ಇರುವುದಕ್ಕೆ ಅದು ಮುಖ್ಯ ಕಾರಣ. ಆದರೆ ಅದು ಕೃಷಿ ಕಟ್ಟಡಗಳ ಒಟ್ಟು ವಿಸ್ತೀರ್ಣ ಜಮೀನಿನ ನೂರಕ್ಕೆ ಒಂದು ಪಾಲು ದಾಟಬಾರದು ಎಂಬ ಮಿತಿಯನ್ನೂ ಹಾಕಿತ್ತು. 100 ಎಕರೆ ಇರುವವರಿಗೆ ಒಂದು ಎಕರೆ, ಅಂದರೆ 43,560 ಚದರ ಅಡಿ, ಸಿಗುತ್ತದೆ. ಹಿಡುವಳಿ ಚಿಕ್ಕದಾದಷ್ಟೂ ಲೆಕ್ಕ ಬಿಗಿಯಾಗುತ್ತದೆ. ಕೊಟ್ಟಿಗೆ, ಕುದುರೆ ಲಾಯ, ಉಪಕರಣದ ಶೆಡ್ಡು ಎಲ್ಲ ಅಷ್ಟರೊಳಗೇ ಹಿಡಿಯಬೇಕು. ಇದನ್ನು ಸಡಿಲಿಸುವ ಅಧಿಕಾರ ಕೌಂಟಿ ಮಂಡಳಿಗಿರಲಿಲ್ಲ. ಮತದಾರರು ಮಾಡಿದ್ದನ್ನು ಮತದಾರರೇ ತಿದ್ದಬೇಕು. ಹಾಗಾಗಿ 2022ರ ನವೆಂಬರಿನಲ್ಲಿ, 22 ವರ್ಷದ ಮೇಲೆ, ಇಡೀ ಕೌಂಟಿಯ ಮತಪತ್ರದಲ್ಲಿ ಆ ಮಿತಿಯನ್ನು ಒಂದರಿಂದ ಎರಡೂವರೆಗೆ ಏರಿಸುವ ಪ್ರಶ್ನೆ ಬಂತು. ಕೊಟ್ಟಿಗೆ ಎಷ್ಟು ದೊಡ್ಡದಿರಬೇಕು ಎಂದು ಓಕ್ಲಂಡ್‌ನ ಅಪಾರ್ಟ್‌ಮೆಂಟ್ ನಿವಾಸಿಗಳೂ ತೀರ್ಮಾನಿಸಬೇಕಾಯಿತು. ಅವರು ಒಪ್ಪಿದರು, ಅದು ಬೇರೆ ಮಾತು.

ದುಡ್ಡು ಎತ್ತುವ ಮೆಷರ್

ಗೆರೆಯಿಂದ ಬಯಲು ಉಳಿಯುತ್ತದೆ, ಸಾರ್ವಜನಿಕರದಾಗುವುದಿಲ್ಲ. ಸಾರ್ವಜನಿಕರದಾಗಬೇಕಾದರೆ ಕೊಳ್ಳಬೇಕು, ಕೊಳ್ಳಲು ತೆರಿಗೆ ಬೇಕು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಇದಕ್ಕೆಂದೇ ‘ವಿಶೇಷ ಜಿಲ್ಲೆ’ ಎಂಬ ಸ್ಥಳೀಯ ಸಂಸ್ಥೆಗಳಿವೆ. 1972ರಲ್ಲಿ ಮತದಾರರೇ ಹುಟ್ಟುಹಾಕಿದ ಮಿಡ್‌ಪೆನಿನ್ಸುಲಾ ಜಿಲ್ಲೆ ಅವುಗಳಲ್ಲೊಂದು. ಅದು 2014ರ ಜೂನ್‌ನಲ್ಲಿ ಮೆಷರ್ ಎಎ ಮೂಲಕ 30 ಕೋಟಿ ಡಾಲರ್ ಬಾಂಡಿಗೆ, ಅಂದರೆ ಆಸ್ತಿ ತೆರಿಗೆಯಿಂದ ತೀರಿಸುವ ಸಾಲಕ್ಕೆ, ಒಪ್ಪಿಗೆ ಕೇಳಿತು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಬಾಂಡಿಗೆ ಮೂರನೇ ಎರಡು ಬಹುಮತ ಬೇಕು. ಅದನ್ನು ತಲೆಕೆಳಗಾಗಿ ಓದಿದರೆ ಪ್ರಚಾರದ ಗುಟ್ಟು ಗೊತ್ತಾಗುತ್ತದೆ: ನೂರರಲ್ಲಿ 34 ಜನ ‘ಬೇಡ’ ಎಂದರೆ ಮುಗಿಯಿತು. ವಿರೋಧಿಗಳು ತಮ್ಮ ವಾದ ಗೆಲ್ಲಿಸಬೇಕಿಲ್ಲ, ಅನುಮಾನ ಹುಟ್ಟಿಸಿದರೆ ಸಾಕು. ಎಎ ಸುಮಾರು 68ರಲ್ಲಿ ದಾಟಿತು, ಕೂದಲೆಳೆಯ ಅಂತರ.

ಬಾಂಡಿನ ಹೊರೆ ಹೇಗೆ ಹಂಚಿಕೆಯಾಗುತ್ತದೆ ನೋಡಿ. ಎಎ ಪ್ರಕಾರ ಆಸ್ತಿಯ ಪ್ರತಿ ಒಂದು ಲಕ್ಷ ಡಾಲರ್ ಅಸೆಸ್ಡ್ ಮೌಲ್ಯಕ್ಕೆ (ತೆರಿಗೆಗೆಂದು ಕಟ್ಟಿದ ಬೆಲೆ) ವರ್ಷಕ್ಕೆ ಹೆಚ್ಚೆಂದರೆ 3.18 ಡಾಲರ್. ಇದು ಮಾರುಕಟ್ಟೆ ಬೆಲೆಯ ಮೇಲಲ್ಲ. 1978ರ ಪ್ರೊಪೊಸಿಷನ್ 13ರ ಪ್ರಕಾರ ಅಸೆಸ್ಡ್ ಮೌಲ್ಯ ಮನೆ ಮಾರಾಟವಾಗುವ ತನಕ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ ಒಂದೇ ಬೀದಿಯಲ್ಲಿ ಅಕ್ಕಪಕ್ಕ ಒಂದೇ ಅಳತೆಯ ಎರಡು ಮನೆ: ನಲವತ್ತು ವರ್ಷದಿಂದ ಇರುವವರ ಅಸೆಸ್ಡ್ ಮೌಲ್ಯ 2 ಲಕ್ಷವಿದ್ದರೆ ಅವರು ಕಟ್ಟುವುದು 6.36 ಡಾಲರ್, ಕಳೆದ ವರ್ಷ 18 ಲಕ್ಷಕ್ಕೆ ಕೊಂಡ ಇಂಜಿನಿಯರ್ ದಂಪತಿ ಕಟ್ಟುವುದು 57.24 ಡಾಲರ್. ಮೊತ್ತ ಸಣ್ಣದೇ, ಎರಡು ಮಸಾಲೆ ದೋಸೆ ಹೆಚ್ಚೆಂದರೆ ಮೂರು. ಆದರೆ ಇಂಥವು ಶಾಲೆ, ಕಾಲೇಜು, ನೀರು ಎಂದು ತೆರಿಗೆ ಬಿಲ್ಲಿನಲ್ಲಿ ಒಂದರ ಕೆಳಗೊಂದು ಸಾಲುಗಟ್ಟುತ್ತವೆ. ಕಟ್ಟುವವರಲ್ಲಿ ಎಚ್‌-1ಬಿ ಮತ್ತು ಗ್ರೀನ್ ಕಾರ್ಡ್‌ನವರೂ ಸೇರಿದ್ದಾರೆ, ಅವರಿಗೆ ಮತವಿಲ್ಲ. ಕೌನ್ಸಿಲ್ ಸಭೆಯಲ್ಲಿ ಎದ್ದುನಿಂತು ಮಾತಾಡುವ ಹಕ್ಕು ಮಾತ್ರ ಇದೆ, ಅದಕ್ಕೆ ಪೌರತ್ವ ಕೇಳುವುದಿಲ್ಲ.

ಇನ್ನೊಂದು ದಾರಿ ಪಾರ್ಸೆಲ್ ಟ್ಯಾಕ್ಸ್, ಬೆಲೆ ನೋಡದೆ ದಾಖಲೆಯಲ್ಲಿರುವ ಪ್ರತಿ ಆಸ್ತಿಗೂ (ಪಾರ್ಸೆಲ್) ಇಷ್ಟೆಂದು ಹಾಕುವ ತೆರಿಗೆ. ಸಾಂತಾ ಕ್ಲಾರಾ ವ್ಯಾಲಿಯ ಓಪನ್ ಸ್ಪೇಸ್ ಪ್ರಾಧಿಕಾರ 2014ರ ನವೆಂಬರಿನಲ್ಲಿ ಮೆಷರ್ ಕ್ಯೂ ತಂದು 15 ವರ್ಷ, ಪ್ರತಿ ಪಾರ್ಸೆಲ್‌ಗೆ ವರ್ಷಕ್ಕೆ 24 ಡಾಲರ್ ಎಂದು ಮಾಡಿತು. 2020ರಲ್ಲಿ ಮೆಷರ್ ಟಿ ಅದನ್ನು ಮುಂದುವರಿಸಿತು, ಈ ಬಾರಿ ಮತದಾರರೇ ನಿಲ್ಲಿಸುವ ತನಕ. ಲೆಕ್ಕ ಸರಳ, ನ್ಯಾಯ ಸರಳವಲ್ಲ. ನೂರು ಕಾಂಡೊ (ಒಬ್ಬೊಬ್ಬರು ಸ್ವಂತಕ್ಕೆ ಕೊಂಡ ಫ್ಲ್ಯಾಟ್) ಇರುವ ಕಟ್ಟಡದಲ್ಲಿ ಪ್ರತಿ ಕಾಂಡೊ ಒಂದು ಪಾರ್ಸೆಲ್, ಒಟ್ಟು 2,400 ಡಾಲರ್. ಪಕ್ಕದಲ್ಲೇ ನೂರು ಬಾಡಿಗೆ ಮನೆಗಳ ಅಪಾರ್ಟ್‌ಮೆಂಟ್ ಒಬ್ಬ ಮಾಲೀಕನದು, ಒಂದೇ ಪಾರ್ಸೆಲ್, 24 ಡಾಲರ್. ಒಂದೇ ಪಾರ್ಸೆಲ್‌ನಲ್ಲಿರುವ ಮಾಲ್‌ಗೂ 24. ತೆರಿಗೆ ವಿರೋಧಿಗಳ ವಾದಗಳಲ್ಲಿ ನಿಜವಾಗಿ ತೂಕವಿರುವುದು ಇದಕ್ಕೇ, ಆದರೆ ಅವರು ಸಾಮಾನ್ಯವಾಗಿ ‘ಅಧಿಕಾರಿಗಳ ದುಂದುವೆಚ್ಚ’ ಎಂಬ ಸವಕಲು ಮಾತಿಗೇ ಜೋತುಬೀಳುತ್ತಾರೆ.

ಮೂರನೇ ಎರಡರ ಗೋಡೆಗೆ 2017ರಲ್ಲಿ ಒಂದು ಕಿಂಡಿ ಬಿತ್ತು. ಅಪ್‌ಲ್ಯಾಂಡ್ ಪ್ರಕರಣದಲ್ಲಿ ರಾಜ್ಯ ಸುಪ್ರೀಂ ಕೋರ್ಟು, ಸರ್ಕಾರ ತರುವ ತೆರಿಗೆಯ ಕಟ್ಟುಪಾಡುಗಳೆಲ್ಲ ಜನ ಸಹಿ ಸಂಗ್ರಹಿಸಿ ತರುವ ತೆರಿಗೆಗೆ ಅನ್ವಯಿಸುವುದಿಲ್ಲ ಎಂಬ ದಿಕ್ಕಿನಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಫ್ರೆಸ್ನೊ ನಗರದಲ್ಲಿ ಪಾರ್ಕುಗಳಿಗಾಗಿ ಮಾರಾಟ ತೆರಿಗೆಯ ಮೇಲೆ ಸೆಂಟಿನ ಎಂಟನೇ ಮೂರು ಭಾಗ ಹೆಚ್ಚಿಸುವ ಮೆಷರ್ ಪಿ, ಜನರೇ ತಂದದ್ದು, ಸುಮಾರು ಶೇ 52 ಮತ ಪಡೆಯಿತು. ಸೋತಿದೆ ಎಂದು ನಗರ ಸಾರಿತು. ಗೆದ್ದಿದೆ ಎಂದು 2020ರ ಕೊನೆಗೆ ಮೇಲ್ಮನವಿ ಕೋರ್ಟು ಹೇಳಿತು. ಆದ್ದರಿಂದ ಈಗ ಒಂದೇ ತೆರಿಗೆಯನ್ನು ಕೌನ್ಸಿಲ್ ತಂದರೆ 67 ಮತ ಬೇಕು, ಜನ ತಂದರೆ 51 ಸಾಕು. ಬಯಲು ಕೊಳ್ಳುವಂಥ ಬಾಂಡುಗಳಿಗೆ ಮಾತ್ರ ಹಳೆಯ ಮೂರನೇ ಎರಡೇ ಉಳಿದಿದೆ.

ಸಹಿ ಎಲ್ಲಿ ಕೈಕೊಡುತ್ತದೆ

ಜನರೇ ತರುವುದೆಂದರೆ ಸುಲಭವಲ್ಲ. ಮೊದಲು ನಗರದ ಚುನಾವಣಾ ಅಧಿಕಾರಿಗೆ ಉದ್ದೇಶದ ಸೂಚನೆ ಮತ್ತು ಕಾನೂನಿನ ಪೂರ್ಣ ಪಠ್ಯ ಕೊಡಬೇಕು. ಹದಿನೈದು ದಿನದಲ್ಲಿ ನಗರ ವಕೀಲರು ಶೀರ್ಷಿಕೆ ಮತ್ತು ಸಾರಾಂಶ ಬರೆದುಕೊಡುತ್ತಾರೆ. ಅಲ್ಲಿಂದ 180 ದಿನದೊಳಗೆ ನಗರದ ನೋಂದಾಯಿತ ಮತದಾರರಲ್ಲಿ ಶೇ 10ರಷ್ಟು ಸಹಿ ಬೇಕು. ಹೆಸರು, ವಿಳಾಸ, ಸಹಿ ಮೂರನ್ನೂ ಮತದಾರರೇ ಕೈಯಾರೆ ಬರೆಯಬೇಕು. ಅಂಚೆಪೆಟ್ಟಿಗೆ ಸಂಖ್ಯೆ ಬರೆದರೆ, ಮನೆ ಬದಲಿಸಿ ನೋಂದಣಿ ಬದಲಿಸದಿದ್ದರೆ ಆ ಸಹಿ ಹೋಯಿತು. ಮನವಿಯ ಜೊತೆ ಕಾನೂನಿನ ಪೂರ್ಣ ಪಠ್ಯ ಇಲ್ಲವೆಂದು ಕೋರ್ಟುಗಳು ಇಡೀ ಮನವಿಯನ್ನೇ ತಳ್ಳಿಹಾಕಿದ್ದುಂಟು.

ಆದರೆ ನಿಜವಾದ ಗಂಡಾಂತರ ಒಬ್ಬರೇ ಎರಡು ಸಲ ಸಹಿ ಮಾಡುವುದು. ಒಂದು ಲಕ್ಷ ಮತದಾರರ ನಗರ ಎಂದಿಟ್ಟುಕೊಳ್ಳಿ. 10,000 ಬೇಕು, 13,000 ಸಂಗ್ರಹವಾಗಿದೆ. ಅಧಿಕಾರಿಗಳು ಎಲ್ಲವನ್ನೂ ಪರೀಕ್ಷಿಸುವ ಬದಲು 500 ಅಥವಾ ಶೇ 3, ಎರಡರಲ್ಲಿ ದೊಡ್ಡದನ್ನು ಯಾದೃಚ್ಛಿಕವಾಗಿ ಆರಿಸಿ ನೋಡಬಹುದು. ಇಲ್ಲಿ 500. ಅಂದರೆ ಮಾದರಿಯ ಒಂದು ಸಹಿ 26 ಸಹಿಗೆ ಸಮ. 400 ಸರಿಯಿದ್ದರೆ 10,400, ಗುರಿ ದಾಟಿದಂತೆ. ಆದರೆ ಮಾದರಿಯಲ್ಲಿ ಒಂದೇ ಒಂದು ಜೋಡಿ ಸಹಿ ಸಿಕ್ಕರೂ ಸಾಮಾನ್ಯವಾಗಿ ಬಳಸುವ ಸೂತ್ರದ ಪ್ರಕಾರ 26×25, ಅಂದರೆ 650 ಕಳೆಯುತ್ತಾರೆ. ಅನ್ಯಾಯ ಅನ್ನಿಸುತ್ತದೆ, ಅಲ್ಲ: ಅಷ್ಟು ಸಣ್ಣ ಮಾದರಿಯಲ್ಲಿ ಜೋಡಿಯ ಎರಡೂ ಸಹಿ ಸಿಗುವುದು ಬಹಳ ಅಪರೂಪ, ಸಿಕ್ಕಿತೆಂದರೆ ರಾಶಿಯಲ್ಲಿ ನೂರಾರು ಅಂಥವಿವೆ ಎಂದೇ ಅರ್ಥ. ಇಂಥ ಮೂರು ಜೋಡಿ ಸಿಕ್ಕರೆ 10,400ರಿಂದ 1,950 ಹೋಗಿ 8,450 ಉಳಿಯುತ್ತದೆ. ಗುರಿಯ ಶೇ 95ಕ್ಕಿಂತ ಕಡಿಮೆಯಾದರೆ ಅಲ್ಲೇ ಸೋಲು, 110 ದಾಟಿದರೆ ಗೆಲುವು, ನಡುವೆ ಬಿದ್ದರೆ ಮಾತ್ರ ಎಲ್ಲ ಸಹಿಗಳ ಪರೀಕ್ಷೆ. ಸಹಿಗೆ ಇಷ್ಟೆಂದು ದುಡ್ಡು ಪಡೆಯುವ ಸಂಗ್ರಾಹಕರು ರೈತರ ಮಾರುಕಟ್ಟೆಯಲ್ಲೂ ಕಾಸ್ಟ್‌ಕೋ ಮಳಿಗೆಯ ಬಾಗಿಲಲ್ಲೂ ಅದೇ ಜನರನ್ನು ಹಿಡಿದಾಗ ಆಗುವುದು ಇದು.

ಬಿಲ್ಡರ್‌ಗಳೂ ಇದೇ ದಾರಿ ಹಿಡಿಯುವುದಕ್ಕೆ ಒಂದು ಕಾರಣವಿದೆ. ನಾಗರಿಕರ ಸಹಿಯಿಂದ ಬಂದ ಪ್ರಸ್ತಾವಕ್ಕೆ ಪರಿಸರ ಪರಿಣಾಮ ಪರಿಶೀಲನೆಯ ಕಾನೂನು ಅನ್ವಯಿಸುವುದಿಲ್ಲ. ಕೌನ್ಸಿಲ್ ಅದನ್ನು ಮತಕ್ಕೆ ಹಾಕದೆ ನೇರ ಅಂಗೀಕರಿಸಿದರೂ ಪರಿಶೀಲನೆ ಬೇಕಿಲ್ಲ ಎಂದು 2014ರಲ್ಲಿ ರಾಜ್ಯ ಸುಪ್ರೀಂ ಕೋರ್ಟು ಹೇಳಿತು. ಕಾರ್ಲ್ಸ್‌ಬ್ಯಾಡ್‌ನಲ್ಲಿ ನಡೆದದ್ದು ಅದರ ಮರುವರ್ಷವೇ. ಸ್ಯಾನ್ ಹೋಸೆಯ ಎವರ್‌ಗ್ರೀನ್ ಬೆಟ್ಟದ ತಪ್ಪಲಿನಲ್ಲಿ 2018ರಲ್ಲಿ ಬಂದ ಮೆಷರ್ ಬಿ ಕೂಡ ಈ ಜಾತಿಯದು: ಸುಮಾರು 200 ಎಕರೆಯಲ್ಲಿ 910 ಹಿರಿಯರ ಮನೆ. ಪ್ರಚಾರದಲ್ಲಿ ಮುಂದೆ ನಿಂತವರು ನಿವೃತ್ತ ಸೈನಿಕರು. ಕೌನ್ಸಿಲ್ ಅದೇ ಮತಪತ್ರದಲ್ಲಿ ಇಂಥ ಅಂಚಿನ ಜಮೀನುಗಳಲ್ಲಿ ಮನೆ ಕಟ್ಟುವುದಕ್ಕೆ ಕಟ್ಟುಪಾಡು ಹಾಕುವ ಮೆಷರ್ ಸಿ ಇಟ್ಟಿತು. ಒಂದಕ್ಕೊಂದು ವಿರುದ್ಧವಾದ ಎರಡೂ ಗೆದ್ದರೆ ಹೆಚ್ಚು ಮತ ಬಂದದ್ದು ಊರ್ಜಿತವಾಗುತ್ತದೆ ಎಂಬುದು ನಿಯಮ. ಅದರ ಅಗತ್ಯ ಬೀಳಲಿಲ್ಲ, ಬಿ ಸೋತು ಸಿ ಗೆದ್ದಿತು.

ಮನೆಗಳ ಪ್ರಶ್ನೆ

ಬಯಲಿಗೆ ಗೆರೆ ಹಾಕುವುದು ಬೇಡವೆನ್ನುವವರ ಗಟ್ಟಿ ವಾದ ಮನೆ. 2023ರಿಂದ 2031ರವರೆಗೆ ಬೇ ಏರಿಯಾ 4,41,176 ಮನೆಗಳಿಗೆ ಜಾಗ ತೋರಿಸಬೇಕೆಂದು ರಾಜ್ಯ ಹೇಳಿದೆ, ಸ್ಯಾನ್ ಹೋಸೆಯ ಪಾಲೇ 62,200. ಬೆಟ್ಟಕ್ಕೆ ಗೆರೆ ಎಳೆದು ಊರೊಳಗೂ ನಾಲ್ಕು ಮಹಡಿ ಬೇಡವೆನ್ನುವವರಿಗೆ ಈ ಸಂಖ್ಯೆಗೆ ಉತ್ತರವಿಲ್ಲ. ಗೆರೆಯ ಪರ ನಿಂತವರು ರೈಲು ನಿಲ್ದಾಣದ ಸುತ್ತ ಎತ್ತರದ ಕಟ್ಟಡಕ್ಕೂ ಕೈ ಎತ್ತಿದಾಗಲಷ್ಟೇ ಅವರ ಮಾತಿಗೆ ಬೆಲೆ ಬರುತ್ತದೆ. 2020ರ ಜನವರಿಯಿಂದ ಕಾನೂನೂ ಬದಲಾಗಿದೆ: ನಗರ ಪ್ರದೇಶಗಳಲ್ಲಿ ಮನೆಗೆ ಅವಕಾಶವಿರುವ ಜಾಗದ ಸಾಂದ್ರತೆಯನ್ನು ಬೇರೆಡೆ ಅಷ್ಟೇ ಹೆಚ್ಚಿಸದೆ ಇಳಿಸುವಂತಿಲ್ಲ, ಮತದಾರರ ಮೆಷರ್ ಕೂಡ ಇಳಿಸುವಂತಿಲ್ಲ. ಆದ್ದರಿಂದ ಈಗಿನ ಮೆಷರ್‌ಗೆ ಮತ ಹಾಕುವ ಮುನ್ನ ಆ ಜಮೀನಿನ ಈಗಿನ ಗುರುತೇನು ಎಂದು ನೋಡಬೇಕು. ಕೃಷಿ ಎಂದಿದ್ದರೆ ಮೆಷರ್ ಕೋರ್ಟಿನಲ್ಲಿ ನಿಲ್ಲಬಹುದು. ವಸತಿ ಎಂದಿದ್ದರೆ ಗೆದ್ದ ಮೇಲೂ ಬೀಳಬಹುದು.

ಇದನ್ನೆಲ್ಲ ನೋಡುವುದೆಲ್ಲಿ? ಮತಪತ್ರದಲ್ಲಿರುವ ಪ್ರಶ್ನೆ 75 ಪದ ಮೀರುವಂತಿಲ್ಲ, ಅದರಲ್ಲಿ ಬಹುಪಾಲು ಒಳ್ಳೆಯ ಮಾತುಗಳೇ. ತೆರಿಗೆಯಾದರೆ ದರ, ಅವಧಿ, ವಾರ್ಷಿಕ ಮೊತ್ತ ಅದರಲ್ಲೇ ಇರಬೇಕು. ಕೌಂಟಿ ಕಳಿಸುವ ಮತದಾರರ ಮಾಹಿತಿ ಪುಸ್ತಕದಲ್ಲಿ ಸರ್ಕಾರಿ ವಕೀಲರ 500 ಪದದೊಳಗಿನ ನಿಷ್ಪಕ್ಷ ವಿಶ್ಲೇಷಣೆ ಇರುತ್ತದೆ, ಮೊದಲು ಅದನ್ನು ಓದಿ. ಪರ-ವಿರೋಧದ 300 ಪದದ ವಾದಗಳಲ್ಲಿ ಸಹಿ ಹಾಕಿದವರ ಹೆಸರು ನೋಡಿ. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಹತ್ತು ದಿನ ಕರಡು ಸಾರ್ವಜನಿಕರಿಗೆ ತೆರೆದಿರುತ್ತದೆ. ಸುಳ್ಳು ಅಥವಾ ದಾರಿತಪ್ಪಿಸುವ ಪದವಿದ್ದರೆ ಆಗ ಯಾವ ಮತದಾರರಾದರೂ ಕೋರ್ಟಿಗೆ ಹೋಗಿ ತೆಗೆಸಬಹುದು. ಅಚ್ಚಾದ ಮೇಲೆ ಕಷ್ಟ.

ಗೆದ್ದ ಮೇಲಿನ ಕೆಲಸ ನಿಧಾನ. ಸ್ಯಾನ್ ಹೋಸೆಯ ದಕ್ಷಿಣದ ಕೊಯೋಟಿ ಕಣಿವೆ ದಶಕಗಳ ಕಾಲ ಕಂಪನಿ ಕ್ಯಾಂಪಸ್‌ಗಳಿಗೆಂದು ಮೀಸಲಾಗಿತ್ತು. 2018ರಲ್ಲಿ ನಗರದ 65 ಕೋಟಿ ಡಾಲರ್‌ನ ಮೆಷರ್ ಟಿ (ಮೇಲೆ ಹೇಳಿದ ಟಿ ಅಲ್ಲ) ಬಾಂಡು ಗೆದ್ದಾಗ ಅದರೊಳಗೆ ಈ ಕಣಿವೆಗೆ 5 ಕೋಟಿಯವರೆಗೆ ಇತ್ತು. 2019ರ ನವೆಂಬರಿನಲ್ಲಿ ನಗರ, ಓಪನ್ ಸ್ಪೇಸ್ ಪ್ರಾಧಿಕಾರ ಮತ್ತು ಒಂದು ಭೂ ಟ್ರಸ್ಟ್ ಸೇರಿ 937 ಎಕರೆಯನ್ನು ಸುಮಾರು 9.3 ಕೋಟಿ ಡಾಲರಿಗೆ ಕೊಂಡವು. 2021ರಲ್ಲಿ ಕೌನ್ಸಿಲ್ ಸುತ್ತಲಿನ ಖಾಸಗಿ ಹೊಲಗಳ ಗುರುತನ್ನೂ ಕೃಷಿ ಮತ್ತು ಬಯಲಿಗೆ ಬದಲಿಸಿತು. ಕೊಂಡ 937 ಎಕರೆ ಸಾರ್ವಜನಿಕ ಹಿತಕ್ಕೆ ಬಂದಿದೆ. ಆ ಖಾಸಗಿ ಹೊಲಗಳಿಗೆ ಮತದಾರರ ಬೀಗ ಬಿದ್ದಿಲ್ಲ. ಮುಂದಿನ ಯಾವ ಕೌನ್ಸಿಲ್ ಬೇಕಾದರೂ ಬಹುಮತದಿಂದ ಆ ಗುರುತನ್ನು ಮತ್ತೆ ಬದಲಿಸಬಹುದು.